ತಂಗಿದವರ ಧರ್ಮ

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಹೊತ್ತಿಗೆ ಸರಿಯಾಗಿ ಅನ್ನನೀರು ದೊರೆಯದಂತೆ ಮಾಡುವುದು ಎಂದು ಇವುಗಳ ಅರ್ಥ. ಓದುವಾಗ ನಮ್ಮ ಕಣ್ಣಮುಂದೆ ನಿಲ್ಲುವುದು ಎತ್ತು, ಕುದುರೆಗಳೇ. ಕೊಟ್ಟಿಗೆಯೇ ಇಲ್ಲದ ಮನೆಗಳಲ್ಲಿ, ಕಡೆಯ ಎರಡು ಅತಿಚಾರಗಳು ತಮಗೆ ಸಂಬಂಧಿಸಿದವಲ್ಲ ಎಂಬ ಭಾವನೆಯೂ ಬೆಳೆದಿದೆ. ಸಾಗರದ ರೈಲು ನಿಲ್ದಾಣದ ಸಮೀಪದಲ್ಲಿ ಒಂದು ರಾತ್ರಿ ತಂಗಿದ ಯಾತ್ರಿಕರೊಬ್ಬರ ಅನುಭವವು ಈ ಭಾವನೆಯನ್ನು ಪರೀಕ್ಷೆಗೆ ಒಡ್ಡುತ್ತದೆ.

ಅವರು ಹೊರಟದ್ದು ಹೊಸನಗರ ತಾಲ್ಲೂಕಿನ ಹೊಂಬುಜಕ್ಕೆ. 1077ರಲ್ಲಿ ಚಟ್ಟಲದೇವಿಯು ಪಂಚಕೂಟ ಬಸದಿಯನ್ನು ಕಟ್ಟಿಸಿದ ಕ್ಷೇತ್ರಕ್ಕೆ. ಹೊಸನಗರ ಪಟ್ಟಣಕ್ಕಾಗಲಿ ತೀರ್ಥಹಳ್ಳಿಗಾಗಲಿ ರೈಲುಮಾರ್ಗವಿಲ್ಲ. ಶಿವಮೊಗ್ಗ-ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣ ಕ್ಷೇತ್ರಕ್ಕೆ ಹತ್ತಿರವಾದರೂ, ರಾತ್ರಿ ಇಳಿದವರಿಗೆ ತಂಗಲು ಸಾಗರವೇ ಅನುಕೂಲ. ಆದ್ದರಿಂದ ಅವರು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದರು. ರೈಲು ತಡವಾಗಿತ್ತು, ಮಳೆ ಸುರಿಯುತ್ತಿತ್ತು.

ವಸತಿಗೃಹದ ಬಾಗಿಲು ತೆರೆದ ಹುಡುಗ ಊಟದ ವಿಚಾರ ಕೇಳಿದ. ರಾತ್ರಿಭೋಜನ ತ್ಯಾಗಮಾಡಿದ್ದ ಯಾತ್ರಿಕರು ಸೂರ್ಯಾಸ್ತಕ್ಕೆ ಮೊದಲೇ ರೈಲಿನಲ್ಲಿ ಬುತ್ತಿ ಮುಗಿಸಿದ್ದರು. ಮರುದಿನ ಬೇಗ ಹೊರಡಬೇಕಾದ್ದರಿಂದ, ಸೂರ್ಯೋದಯದ ಬಳಿಕ ಕುಡಿಯಲು ನೀರನ್ನು ಸೋಸಿ, ಕಾಯಿಸಿಡುವಂತೆ ಮಾತ್ರ ಕೋರಿದರು. ಹುಡುಗ ಮರುಮಾತಿಲ್ಲದೆ ಒಪ್ಪಿದ. ಆರಿದ್ದ ಒಲೆಯನ್ನು ಮತ್ತೆ ಹೊತ್ತಿಸಿದ. ಒಗೆದ ಬಟ್ಟೆ ಹುಡುಕಿ ನೀರು ಸೋಸಿದ.

ಬಸ್ಸಿನ ವೇಳೆ ವಿಚಾರಿಸಲು ಯಾತ್ರಿಕರು ಕೆಳಗಿಳಿದಾಗ ನಡುರಾತ್ರಿಯಾಗಿತ್ತು. ಹುಡುಗ ಆಗಷ್ಟೇ ತಣ್ಣಗಾದ ಅನ್ನದ ಡಬ್ಬಿ ತೆರೆದಿದ್ದ.

"ಇಷ್ಟು ಹೊತ್ತಿನವರೆಗೆ ಊಟ ಮಾಡಿಲ್ಲವೇ ತಮ್ಮಾ?"

"ಬಂದವರ ಕೆಲಸ ಮುಗಿದ ಮೇಲೇ ನಮ್ಮ ಊಟ, ಸಾರ್."

ಯಾತ್ರಿಕರು ಜೇಬಿಗೆ ಕೈಹಾಕಿದರು. ಹುಡುಗ ಬೇಡವೆಂದ. "ಬರುತ್ತೇವೆಂದು ಮೊದಲೇ ಫೋನ್ ಮಾಡಿ ಹೇಳಿದ್ದರೆ, ಒಲೆ ಆರಿಸುವ ಮುಂಚೆಯೇ ಕಾಯಿಸಿ ಇಡುತ್ತಿದ್ದೆ" ಎಂದಷ್ಟೇ ಹೇಳಿ ಊಟಕ್ಕೆ ಕುಳಿತ.

ಈ ಮಾತಿನಲ್ಲಿ ದೂರಿರಲಿಲ್ಲ, ಆದರೆ ವಿಚಾರಕ್ಕೆ ಎಡೆಯಿತ್ತು. ಯಾತ್ರಿಕರ ವ್ರತಕ್ಕೆ ಭಂಗ ಬರಲಿಲ್ಲ. ಅದರ ಭಾರವನ್ನು ಮಾತ್ರ ಹಸಿದ ಹುಡುಗನೊಬ್ಬ ಹೊತ್ತ. ಅವನನ್ನು ಉಪವಾಸವಿಡಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ ಎಂಬುದು ನಿಜ. ಆದರೆ ಪ್ರಮಾದದಿಂದ ಆಗುವ ನೋವನ್ನೂ ಜೈನಧರ್ಮವು ಹಿಂಸೆಯ ಲೆಕ್ಕದಲ್ಲಿಯೇ ಹಿಡಿಯುತ್ತದೆ. ಕೊಠಡಿಯ ಬಾಡಿಗೆಯಲ್ಲಿ ಮಂಚಕ್ಕೆ, ದೀಪಕ್ಕೆ, ನೀರಿಗೆ ಬೆಲೆಯುಂಟು. ದುಡಿಯುವವನ ಹಸಿವಿಗೆ ಬೆಲೆ ಕಟ್ಟಿದವರಿಲ್ಲ.

ಈ ಪ್ರಶ್ನೆ ವಸತಿಗೃಹಗಳಿಗಷ್ಟೇ ಸೀಮಿತವಲ್ಲ. ಕ್ಷೇತ್ರಗಳ ಯಾತ್ರಿನಿವಾಸಗಳಿಗೆ ಸಂಜೆ ಒಮ್ಮೆಲೇ ಐವತ್ತು ಮಂದಿ ಬಂದಿಳಿದು, ಸೂರ್ಯಾಸ್ತದೊಳಗೆ ಊಟವಾಗಬೇಕೆಂದು ಅವಸರಪಡಿಸುವಾಗ ಅಡುಗೆಯವರ, ಪಾತ್ರೆ ತೊಳೆಯುವವರ ಊಟದ ಹೊತ್ತನ್ನು ಯಾರು ನೋಡುತ್ತಾರೆ? ಬರುವವರ ಸಂಖ್ಯೆಯನ್ನೂ ವೇಳೆಯನ್ನೂ ಮುಂಚಿತವಾಗಿ ತಿಳಿಸುವುದು ಯಾತ್ರಿಕರ ಕರ್ತವ್ಯ. ಸಿಬ್ಬಂದಿಯ ಊಟಕ್ಕೆ ವೇಳೆ ಗೊತ್ತುಮಾಡಿ, ಆ ವೇಳೆಗೆ ಬೇರೊಬ್ಬರನ್ನು ಕೆಲಸಕ್ಕೆ ನೇಮಿಸುವುದು ವಿಶ್ವಸ್ತ ಮಂಡಳಿಗಳ ಕರ್ತವ್ಯ. ಇದಕ್ಕೆ ದೊಡ್ಡ ದಾನ ಬೇಕಿಲ್ಲ, ಸ್ವಲ್ಪ ಮುಂದಾಲೋಚನೆ ಸಾಕು. ನಮ್ಮ ವ್ರತವನ್ನು ನಡೆಸಿಕೊಡುವವರೂ ಹೊತ್ತಿಗೆ ಸರಿಯಾಗಿ ಉಣ್ಣುವಂತಾದರೆ, ಆ ವ್ರತಕ್ಕೆ ಅದೇ ಶೋಭೆ.