ಚಳಿಗಾಲಕ್ಕೆ ಎಂಥ ಏರ್‌ಗನ್?

ಧನುರ್ಮಾಸದಲ್ಲಿ ಮಾದಿಹಳ್ಳಿ ಕಡೆ ಹೊತ್ತೇರಿದರೂ ಮಂಜು ಬಿಡಲ್ಲ. ಗುರಿ ಕಲಿಯೋಕೆ ಏರ್‌ಗನ್ ಕೊಳ್ಳೋ ಹುಡುಗರು ಈ ಚಳಿಯನ್ನೂ ಲೆಕ್ಕಕ್ಕೆ ಹಿಡೀಬೇಕು.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನದು ಬೇಡ. ಆ ಅನಿಲದ ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಇದ್ದದ್ದು 10 ಡಿಗ್ರಿಗೆ 45ಕ್ಕೆ ಇಳಿಯುತ್ತೆ. ಪೆಲೆಟ್ ವೇಗ ಕಳ್ಕೊಂಡು ಗುರಿಯ ಕೆಳಗೆ ಬಡಿಯುತ್ತೆ. ಬಿಡುವು ಕೊಡದೆ ಹೊಡೆದರೆ ಸಿಲಿಂಡರ್ ಇನ್ನಷ್ಟು ತಣ್ಣಗಾಗುತ್ತೆ. ಜಾತ್ರೆಯಲ್ಲಿ ಬಲೂನು ಹೊಡೆಸ್ತಾರಲ್ಲ, ನಳಿಗೆ ಬಗ್ಗಿಸಿ ಸ್ಪ್ರಿಂಗ್ ಕೂರಿಸೋ ರೈಫಲ್, ಅದೇ ವಾಸಿ. ಚಳಿಗೆ ಒಳಗಿನ ಗ್ರೀಸ್ ಗಟ್ಟಿಯಾಗಿರುತ್ತೆ, ಹಾಗಾಗಿ ಮೊದಲ ನಾಲ್ಕೈದು ಏಟು ನಂಬಬೇಡಿ. ಪೆಲೆಟ್ ಇಲ್ಲದೆ ಮಾತ್ರ ಹೊಡೀಬೇಡಿ, ಪಿಸ್ಟನ್ ಸೀಲ್ ಹಾಳಾಗುತ್ತೆ.

ನವಿಲು, ಕೊಕ್ಕರೆ ಕಡೆ ನಳಿಗೆ ತಿರುಗಿಸಲೇಬೇಡಿ. 1972ರ ವನ್ಯಜೀವಿ ಕಾಯ್ದೆ ಇದೆ ಅಂತಷ್ಟೇ ಅಲ್ಲ, ಗಾಯಗೊಂಡ ಹಕ್ಕಿ ತೋಟದಲ್ಲಿ ನರಳೋದು ನನಗೆ ನೋಡೋಕಾಗಲ್ಲ. ಹತ್ತು ಮೀಟರ್ ದೂರಕ್ಕೆ ಕಾಗದದ ಗುರಿ ಅಂಟಿಸಿ, ಹಿಂದೆ ಮಣ್ಣಿನ ದಿಬ್ಬ ಇರಲಿ. ಒಲಿಂಪಿಕ್ಸ್ ಗುರಿಯಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಅದಕ್ಕೆ ಗುರಿಯಿಟ್ಟೇ. ಮನೆಗೆ ತಂದಮೇಲೆ ನಳಿಗೆ ಮೇಲಿನ ತೇವ ಒರೆಸಿ, ಎಣ್ಣೆ ಬಟ್ಟೆ ಆಡಿಸಿಡಿ.