ಖಂಡಸ್ಫುಟಿತ ಜೀರ್ಣೋದ್ಧಾರ

ಕನ್ನಡ ನಾಡಿನ ದಾನಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಮೇಲಿಂದ ಮೇಲೆ ಎದುರಾಗುವುದು. ದೇವರ ಪೂಜೆಗೂ ಮುನಿಗಳ ಆಹಾರದಾನಕ್ಕೂ ಭೂಮಿಯನ್ನು ಬಿಡುವಾಗಲೇ, ಒಡೆದುದನ್ನೂ ಸೀಳಿದುದನ್ನೂ ಸರಿಪಡಿಸುವುದಕ್ಕೆಂದು ದಾನಿಗಳು ಏರ್ಪಾಡು ಮಾಡುತ್ತಿದ್ದರು. ಕಲ್ಲೂ ಸವೆಯುವುದೆಂಬುದನ್ನು ಅವರು ಕಟ್ಟಿದ ದಿನವೇ ಬಲ್ಲವರಾಗಿದ್ದರು.

ಘಟಪ್ರಭೆಯ ದಂಡೆಯ ಗೋಕಾಕ ಹುಕ್ಕೇರಿಗಳ ಸೀಮೆಯು ರಟ್ಟರಾಳಿದ ಕೂಂಡಿ 3000ಕ್ಕೆ ಸೇರಿದುದು. ಗೋಕಾಕದ ಬಳಿಯ ಕೊಣ್ಣೂರಿನ ಶಾಸನವು 1087ರಷ್ಟು ಹಿಂದೆಯೇ ಅಲ್ಲಿದ್ದ ಜಿನಾಲಯವೊಂದರ ಸುದ್ದಿಯನ್ನು ಹೇಳುತ್ತದೆ. ಮುಂದೆ ರಟ್ಟರ ರಾಜಧಾನಿಯು ಸವದತ್ತಿಯಿಂದ ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ, ಬಂದಿತು. ಅಲ್ಲಿ ನಾಲ್ಕನೆಯ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನು ರಟ್ಟ ಜಿನಾಲಯವನ್ನು ಮಾಡಿಸಿದನು. 1204ರಲ್ಲಿ ಅರಸನು ಶುಭಚಂದ್ರ ಭಟ್ಟಾರಕರಿಗೆ ಅದರ ಸಲುವಾಗಿ ದಾನವಿತ್ತನು. ಪೇಟೆಯ ವರ್ತಕರೂ ತಮ್ಮ ಸರಕಿನ ಮೇಲೆ ಸುಂಕವನ್ನು ಗೊತ್ತುಮಾಡಿಕೊಟ್ಟರು. ಕೋಟೆಯೊಳಗಿನ ಕಮಲ ಬಸದಿಯೇ ಆ ಜಿನಾಲಯವೆಂದು ವಿದ್ವಾಂಸರು ಗುರುತಿಸಿರುವರು. ಮಂಟಪದ ಛತ್ತಿನಿಂದ ಕೆಳಮುಖವಾಗಿ ಅರಳಿದ ಕಲ್ಲಿನ ಕಮಲದಿಂದ ಅದಕ್ಕೆ ಆ ಹೆಸರು ಬಂದಿದೆ.

ರಟ್ಟರು ಹೋದರು, ಸೇವುಣರು ಬಂದರು, ಅವರೂ ಹೋದರು. ಹಳೆಯ ಗುಡಿಗಳ ಕಲ್ಲುಗಳು ಹೊಸ ಕಟ್ಟಡಗಳನ್ನು ಸೇರಿದವು. ಕೋಟೆಯ ಸಫಾ ಮಸೀದಿಯ ಕಂಬಗಳಲ್ಲಿ ರಟ್ಟರ ಹಾಗೂ ಸೇವುಣರ ಕಾಲದ ಬರಹಗಳನ್ನು ಇಂದಿಗೂ ಕಾಣಬಹುದು. ದತ್ತಿಯು ನಿಂತುಹೋದ ಬಳಿಕ ಬಸದಿಯ ಗೋಡೆಗಳನ್ನು ನೋಡುವವರು ಯಾರು? ಜಿನಾಲಯದ ದಾನವನ್ನು ಸಾರುವ ಎರಡು ಶಿಲಾಶಾಸನಗಳು ಕಡಲನ್ನು ದಾಟಿ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನ ಪಾಲಾದವು. ಗುಡಿಯೊಂದೆಡೆ, ಅದರ ಮಾತೊಂದೆಡೆಯಾಯಿತು.

1996ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು ಬಸದಿಯ ಜೀರ್ಣೋದ್ಧಾರ ಮಾಡಿದರು. ಅದು ಮೆಚ್ಚತಕ್ಕ ಕಾರ್ಯವೇ ಸರಿ. ಆದರೆ ಹಿಂದಿನವರ ಜೀರ್ಣೋದ್ಧಾರಕ್ಕೂ ಇಂದಿನದಕ್ಕೂ ಒಂದು ಅಂತರವುಂಟು. ಅವರದು ಕೇಡು ತಲೆದೋರುವ ಮೊದಲೇ ಮಾಡಿಟ್ಟ ನಿತ್ಯದ ವ್ಯವಸ್ಥೆ. ಇಂದಿನದು ಕೇಡು ಕಣ್ಣಿಗೆ ಬಿದ್ದಮೇಲೆ ಬರುವ ನೆರವು. ಅಂದು ಅಡಿಕೆ ಮಾರುವವನಿಗೂ ಗುಡಿಯ ಬಿರುಕಿನಲ್ಲಿ ಹೊಣೆಯಿದ್ದಿತು; ಇಂದು ಆ ಹೊಣೆ ಸರಕಾರಕ್ಕೇ ಮುಡಿಪು.

ಗೋಕಾಕದಲ್ಲಿ ಘಟಪ್ರಭೆಯು 170 ಅಡಿ ಧುಮುಕುವುದನ್ನು ನೋಡಲು ಮಳೆಗಾಲದಲ್ಲಿ ಜನರು ತಂಡತಂಡವಾಗಿ ಬರುವರು. ಅದರ ದಂಡೆಯಲ್ಲೇ ಚಾಲುಕ್ಯ ಶೈಲಿಯ ಹಳೆಯ ಗುಡಿಗಳಿವೆ. ನೀರಿನ ಅಬ್ಬರವನ್ನು ಕೇಳಲು ಕಿವಿಗೊಟ್ಟವರು ಒಂದು ಗಳಿಗೆ ಅತ್ತ ತಿರುಗಿ, ಯಾವ ಕಲ್ಲು ಸಡಿಲಿದೆ, ಯಾವ ಸಂದಿನಲ್ಲಿ ಅರಳಿಯ ಸಸಿ ಬೇರೂರಿದೆಯೆಂದು ನೋಡಿ, ಸಂಬಂಧಪಟ್ಟವರಿಗೆ ತಿಳಿಸಿದರೆ ಸಾಕು. ಸಸಿಯನ್ನು ಕೀಳುವುದಕ್ಕೆ ಒಂದು ಕೈ ಸಾಲುವುದು. ಮರವಾದಮೇಲೆ ಗೋಡೆಯನ್ನೇ ಬಿಚ್ಚಬೇಕಾಗುವುದು.