ಒಂದಕ್ಕೆ ಎಷ್ಟು ಬಿತ್ತು?

ಆಗಸ್ಟ್ 5, 2024, ಸೋಮವಾರ

ಎಂಟನೇ ತರಗತಿ. 12 ಪೆನ್ನಿಗೆ 84 ರೂಪಾಯಿ, 5 ಪೆನ್ನಿಗೆ? ಒಂದಕ್ಕೆ 7, ಐದಕ್ಕೆ 35. ಎಲ್ಲರೂ ಬೇಗ ಮುಗಿಸಿದರು. ಖುಷಿಯಾಗಬೇಕಿತ್ತು, ಆಗಲಿಲ್ಲ. ಪೆನ್ನು ಯಾರ ಕಣ್ಣಮುಂದೆಯೂ ಬಂದಂತೆ ಕಾಣಲಿಲ್ಲ.

ಆಗಸ್ಟ್ 6, ಮಂಗಳವಾರ

ಒಂದು ಮೊಟ್ಟೆ ಬೇಯಲು 10 ನಿಮಿಷ. ಅದೇ ಪಾತ್ರೆಗೆ 6 ಮೊಟ್ಟೆ ಹಾಕಿದರೆ? ಹೆಚ್ಚುಕಮ್ಮಿ ಎಲ್ಲರ ಉತ್ತರವೂ 60. ಬಿಸಿಯೂಟದಲ್ಲಿ ಮೊಟ್ಟೆ ತಿನ್ನುವ ಮಕ್ಕಳು! ಅಡುಗೆಯ ಅಕ್ಕನನ್ನೇ ಕರೆಸಿ ಕೇಳಿದೆ. "ನೂರು ಹಾಕಿದ್ರೂ ಬೇಯೋಕೆ ಅಷ್ಟೇ ಹೊತ್ತು. ನೀರು ಕುದಿಯೋಕೆ ಮಾತ್ರ ಜಾಸ್ತಿ ಹೊತ್ತು ಬೇಕು ಮಿಸ್."

ಎಷ್ಟು ಜಾಸ್ತಿ? ಅದಕ್ಕೆ ನೀರು, ಪಾತ್ರೆ, ಒಲೆ ಎಲ್ಲದರ ಲೆಕ್ಕ ಬೇಕು. ಅಲ್ಲಿಗೇ ಬಿಟ್ಟೆ.

ಆಗಸ್ಟ್ 8, ಗುರುವಾರ

ಹೂ ಕಟ್ಟಿ ಮಾರುವ ಮನೆಯ ಹುಡುಗಿ. ಪುಸ್ತಕದ ಲೆಕ್ಕ ಕೊಟ್ಟರೆ ಪೆನ್ಸಿಲ್ ಕಚ್ಚುತ್ತಾಳೆ. ಮೊಳಕ್ಕೆ 15 ಆದರೆ ಎರಡೂವರೆ ಮಾರಿಗೆ ಎಷ್ಟಮ್ಮ ಎಂದೆ.

"ಮಾರಿಗೆ ಅರವತ್ತು, ಎರಡಕ್ಕೆ ನೂರಿಪ್ಪತ್ತು, ಅರ್ಧಕ್ಕೆ ಮೂವತ್ತು. ನೂರೈವತ್ತು ಮಿಸ್."

ಬರೆ ಎಂದರೆ ಪೆನ್ಸಿಲ್ ಮತ್ತೆ ಬಾಯಿಗೆ. ಪರೀಕ್ಷೆಯಲ್ಲಿ ಅಂಕ ಇರುವುದು ಹಂತಗಳಿಗೆ. ಬಾಯಲ್ಲಿ ಇವಳು ಹತ್ತಿಳಿದ ಹಂತಗಳಿಗೆ ಯಾರು ಅಂಕ ಕೊಡುತ್ತಾರೆ?

ಬೆಲ್ ಆದ ಮೇಲೆ ಬಂದು ಕೇಳಿದಳು: "ಅಮ್ಮನ ಮೊಳ ದೊಡ್ಡದು, ನಂದು ಚಿಕ್ಕದು. ಅಮ್ಮ ಅಳೆದ ಹೂವನ್ನ ನಾನು ಅಳೆದ್ರೆ ಎಷ್ಟು ಬರುತ್ತೆ?" ಮನೆಯಲ್ಲಿ ಟೇಪು ಹಿಡಿದು ಅಳೆದುಕೊಂಡು ಬಾ ಎಂದೆ.

ಆಗಸ್ಟ್ 11, ಭಾನುವಾರ

ಭಾಸ್ಕರಾಚಾರ್ಯರ ಲೀಲಾವತಿ ತೆಗೆದೆ. 1150ರ ಗ್ರಂಥ. ತ್ರೈರಾಶಿಕ: ಫಲವನ್ನು (ನಮ್ಮ 84 ರೂಪಾಯಿ) ಇಚ್ಛೆಯಿಂದ (5 ಪೆನ್ನು) ಗುಣಿಸಿ ಪ್ರಮಾಣದಿಂದ (12 ಪೆನ್ನು) ಭಾಗಿಸುವುದು. ಮುಂದೆ ಇದರ ತಿರುವುಮುರುವು, ವ್ಯಸ್ತ ತ್ರೈರಾಶಿಕ. 7 ಆಢಕದ ಅಳತೆಯಲ್ಲಿ 100 ಅಳತೆಯಾದ ಧಾನ್ಯ, 5 ಆಢಕದ ಅಳತೆಯಲ್ಲಿ ಎಷ್ಟಾಗುತ್ತದೆ? 140. ನಮ್ಮ ಹುಡುಗಿಯ ಪ್ರಶ್ನೆಯೇ ಇದು! ಬಹಳ ಹೊತ್ತು ಪುಸ್ತಕ ಮುಚ್ಚಲಾಗಲಿಲ್ಲ.

ಆಗಸ್ಟ್ 12, ಸೋಮವಾರ

ಅಳೆದು ತಂದಿದ್ದಳು. ಅಮ್ಮನ ಮೊಳ 45 ಸೆಂ.ಮೀ., ಇವಳದು 36. ಅಮ್ಮನ 20 ಮೊಳ ಹೂವು ಇವಳ ಕೈಯಲ್ಲಿ ಎಷ್ಟು ಮೊಳ? ಅರ್ಧ ತರಗತಿ 16 ಎಂದು ಬರೆದಿತ್ತು. ಅವರ ಕೈಗೆ ಹಗ್ಗ ಕೊಟ್ಟೆ. ಅಳೆದರು, ಜಗಳವಾಡಿದರು, ಮತ್ತೆ ಅಳೆದರು. 25.

"ಹಾಗಾದರೆ ನಿನ್ನ ಮೊಳಕ್ಕೂ 15 ತಗೋಬಹುದಾ?"

"ನ್ಯಾಯವಾಗಿ ಹನ್ನೆರಡೇ ಮಿಸ್."

ಗುಣಿಸುವ ಮೊದಲು, ಒಂದು ಏರಿದರೆ ಇನ್ನೊಂದು ಏರುತ್ತದೋ ಇಳಿಯುತ್ತದೋ ಅಥವಾ ಅಲ್ಲಾಡುವುದೇ ಇಲ್ಲವೋ ಎಂದು ನೋಡುವುದು. ಇದೊಂದು ಕೈಗೆ ಹತ್ತಿದರೆ ಸಾಕು ಅನಿಸುತ್ತದೆ.

ಆಗಸ್ಟ್ 14, ಬುಧವಾರ

ಸುಸ್ತು. ನಾಳೆಯ ಧ್ವಜಾರೋಹಣದ ತಯಾರಿಯಲ್ಲಿ ಅರ್ಧ ಪಿರಿಯಡ್ ಹೋಯಿತು. ಮೊಳಕ್ಕೆ 15 ಎಂದು ಹಲಗೆಯ ಮೇಲೆ ಬರೆದರೆ ಅವಳೇ ತಡೆದಳು. "ನಾಡಿದ್ದು ವರಮಹಾಲಕ್ಷ್ಮಿ. ಈಗ ಎಲ್ಲಿದೆ ಮಿಸ್ ಆ ರೇಟು?"

'ಇದೇ ದರದಲ್ಲಿ' ಎಂದು ಪ್ರತಿ ಲೆಕ್ಕಕ್ಕೂ ಸೇರಿಸಲೇ? ಅವರೇ ಕೇಳಲಿ ಎಂದು ಕಾಯಲೇ?

ಆಗಸ್ಟ್ 16, ಶುಕ್ರವಾರ

ಪೂಜೆ ಮುಗಿಸಿ ಅಂಗಡಿಗೆ. ಟೀಪುಡಿ 250 ಗ್ರಾಂ 140 ರೂಪಾಯಿ, 100 ಗ್ರಾಂ 60. ಗ್ರಾಂಗೆ 56 ಪೈಸೆ, 60 ಪೈಸೆ. ಎಂಆರ್‌ಪಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅದೂ ಅಚ್ಚಾಗಿದೆ. ಯಾವುದು ಅಗ್ಗ ಎಂದು ಕೇಳಿದರೆ ಮಕ್ಕಳು ಸರಿಯಾಗಿಯೇ ಹೇಳುತ್ತಾರೆ. ಆದರೆ ಸಂಜೆ ಕೂಲಿ ಬರುವ ಮನೆಗಳಿಗೆ ಹೋಗುವುದು ಹತ್ತು ರೂಪಾಯಿಯ ಪೊಟ್ಟಣ. ಈ ಲೆಕ್ಕ ಕೊಡಬೇಕೋ ಬೇಡವೋ.

ಆಗಸ್ಟ್ 17, ಶನಿವಾರ

ಹುಡುಗಿ ತೂಕಡಿಸುತ್ತಿದ್ದಳು. ಬೆರಳಲ್ಲಿ ದಾರ ಕೊಯ್ದ ಗೆರೆ. ಹಬ್ಬಕ್ಕೆ ಅಂಗಡಿಯವರ ಹೂವನ್ನೂ ಕಟ್ಟಿಕೊಟ್ಟರಂತೆ, ಮಾರಿನ ಲೆಕ್ಕದಲ್ಲಿ. ಹೂವಿನ ದರ ಎರಡರಷ್ಟಾಗಿತ್ತು. ಕಟ್ಟುವ ಕೂಲಿ ಹಳೆಯದೇ.

"ಇದು ನೇರ ಅನುಪಾತ ಆಗ್ಬೇಕಿತ್ತಲ್ವಾ ಮಿಸ್?"

ಇಡೀ ತರಗತಿ ನನ್ನನ್ನೇ ನೋಡಿತು. ಕೂಲಿ ಯಾವುದರ ಜೊತೆ ಏರಬೇಕು, ಹೂವಿನ ದರದ ಜೊತೆಯೋ, ಕಟ್ಟಿದ ಹೊತ್ತಿನ ಜೊತೆಯೋ? ಸೋಮವಾರ ಮಾತಾಡೋಣ ಎಂದೆ.